ಜೀನ್ ಅದೇ, ನಡತೆ ಬೇರೆ: ಸೂಕ್ಷ್ಮಜೀವಿಗಳ ಜೀನ್ ನಿಯಂತ್ರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಶಿರಸಿಯ ಪದವಿ ವಿದ್ಯಾರ್ಥಿಗಳು, ಸಿಗಡಿ ಹೊಂಡ ನೋಡಿಕೊಳ್ಳುವವರು, ತೋಟಕ್ಕೆ ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರ ಹಾಕುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಯೋಗಾಲಯದ ಪ್ರಶ್ನೆಗಳಿಗೆ ಅಳತೆ ಸಮೇತ ಉತ್ತರ ಕೊಟ್ಟಿದೆ. ಬಾಟಲಿಯ ಮೇಲಿನ ಹೆಸರು ಒಳಗಿರುವ ಸೂಕ್ಷ್ಮಜೀವಿ ಯಾವುದು ಎಂದಷ್ಟೇ ಹೇಳುತ್ತದೆ. ಅದು ಈಗ ಏನು ಮಾಡುತ್ತಿದೆ ಎಂದು ತಿಳಿಯಲು ಅದರ ಸುತ್ತಲಿನ ನೀರು, ಉಪ್ಪು, ಸಕ್ಕರೆ, ಗಾಳಿ, ನೆರೆಹೊರೆ ನೋಡಬೇಕು.

ಜೀನ್ ನಿಯಂತ್ರಣ ಅಂದರೆ ಏನು?

ಇ. ಕೋಲೈ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳು, ಸುಮಾರು 4,300 ಜೀನ್‌ಗಳು ಇವೆ. ಎಲ್ಲವನ್ನೂ ಒಟ್ಟಿಗೆ ಓದಿ ಪ್ರೋಟೀನು ಕಟ್ಟುತ್ತ ಕೂತರೆ ಕೋಶದ ಶಕ್ತಿಯೆಲ್ಲ ಅದಕ್ಕೇ ಮುಗಿದುಹೋಗುತ್ತದೆ. ಹಾಗಾಗಿ ಯಾವ ಜೀನ್ ಓದಬೇಕು, ಯಾವಾಗ, ಎಷ್ಟು ಎಂಬುದಕ್ಕೆ ಕಟ್ಟುನಿಟ್ಟಾದ ವ್ಯವಸ್ಥೆಯಿದೆ. ಜೀನ್‌ನ ಮುಂದೆ ಪ್ರಮೋಟರ್ ಎಂಬ ಜಾಗವಿರುತ್ತದೆ. ಆರ್‌ಎನ್‌ಎ ಪಾಲಿಮರೇಸ್ ಅಲ್ಲಿ ಕೂತು ಓದಲು ಶುರುಮಾಡುತ್ತದೆ. ರೆಪ್ರೆಸರ್ ಪ್ರೋಟೀನು ಅದನ್ನು ತಡೆಯುತ್ತದೆ, ಆಕ್ಟಿವೇಟರ್ ಕೈಹಿಡಿದು ಕೂರಿಸುತ್ತದೆ, ಯಾವ ಗುಂಪಿನ ಪ್ರಮೋಟರ್‌ಗೆ ಹೋಗಬೇಕೆಂದು ಸಿಗ್ಮಾ ಎಂಬ ಭಾಗ ತೋರಿಸುತ್ತದೆ.

ಗಜನಿ ಗದ್ದೆ ಕಂಡವರಿಗೆ ಇದು ಬೇಗ ತಲೆಗೆ ಹತ್ತುತ್ತದೆ. ಅಘನಾಶಿನಿ ಅಳಿವೆಯ ಒಂದೇ ಗದ್ದೆ ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತದೆ, ಕೊಯ್ಲಾದ ಮೇಲೆ ಉಪ್ಪುನೀರು ತುಂಬಿಕೊಂಡು ಸಿಗಡಿ, ಮೀನು ಕೊಡುತ್ತದೆ. ಗದ್ದೆ ಅದೇ. ಕಟ್ಟೆಯ ಹಲಗೆ ಬಾಗಿಲನ್ನು ಯಾವಾಗ ತೆಗೆದರು, ಯಾವಾಗ ಹಾಕಿದರು ಅನ್ನುವುದರ ಮೇಲೆ ಬೆಳೆ ಬದಲಾಯಿತು.

ಗ್ಲೂಕೋಸ್, ಲ್ಯಾಕ್ಟೋಸ್ ಎರಡೂ ಇದ್ದರೆ ಬ್ಯಾಕ್ಟೀರಿಯಾ ಮೊದಲು ಯಾವುದನ್ನು ತಿನ್ನುತ್ತದೆ? ಇದನ್ನು ಕಾಲೇಜಿನಲ್ಲಿ ತೋರಿಸಬಹುದೇ?

ಮೊದಲು ಗ್ಲೂಕೋಸ್. ಅದು ಮುಗಿದ ಮೇಲೆ ಬೆಳವಣಿಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಲ್ಯಾಕ್ಟೋಸ್ ಮೇಲೆ ಮತ್ತೆ ಏರುತ್ತದೆ. ಈ ಎರಡು ಮೆಟ್ಟಿಲಿನ ಬೆಳವಣಿಗೆಯನ್ನು ಜಾಕ್ ಮೊನೊ 1940ರ ದಶಕದ ಆರಂಭದಲ್ಲೇ ಗುರುತಿಸಿದ್ದರು. ಅದರ ಬೆನ್ನು ಹತ್ತಿ ಫ್ರಾನ್ಸ್ವಾ ಜಾಕೋಬ್ ಜೊತೆ 1961ರಲ್ಲಿ ಒಪೆರಾನ್ (ಒಂದೇ ಪ್ರಮೋಟರ್‌ನಿಂದ ಒಟ್ಟಿಗೆ ಓದುವ ಜೀನ್‌ಗಳ ಸಾಲು) ಮಾದರಿ ಮುಂದಿಟ್ಟರು. 1965ರಲ್ಲಿ ಆಂಡ್ರೆ ಲ್ವಾಫ್ ಸೇರಿ ಮೂವರಿಗೂ ನೊಬೆಲ್ ಬಂತು.

ಲ್ಯಾಕ್ಟೋಸ್ ಇಲ್ಲದಾಗ ಲ್ಯಾಕ್ ರೆಪ್ರೆಸರ್ ಡಿಎನ್‌ಎಗೆ ಅಂಟಿಕೊಂಡು ಕೂತಿರುತ್ತದೆ. ಇಡೀ ಕೋಶಕ್ಕೆ ಇಂಥ ರೆಪ್ರೆಸರ್ ಸುಮಾರು ಹತ್ತೇ ಇದ್ದರೂ ಸಾಕಾಗುತ್ತದೆ. ಒಳಗೆ ಬಂದ ಲ್ಯಾಕ್ಟೋಸ್‌ನಲ್ಲಿ ಒಂದಿಷ್ಟು ಅಲೋಲ್ಯಾಕ್ಟೋಸ್ ಆಗಿ ರೆಪ್ರೆಸರ್‌ಗೆ ತಗುಲಿದರೆ ಅದು ಹಿಡಿತ ಬಿಡುತ್ತದೆ. ಗ್ಲೂಕೋಸ್ ಇದ್ದಾಗ ಹೀಗಾಗದಿರಲು ಕಾರಣ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಅಣು ಕಡಿಮೆಯಾಗುವುದು ಎಂದಷ್ಟೇ ಪರೀಕ್ಷೆಯಲ್ಲಿ ಬರೆಯುವ ರೂಢಿಯಿದೆ. ಅದು ಅರ್ಧ ಉತ್ತರ. ಗ್ಲೂಕೋಸ್ ಒಳಬರುತ್ತಿರುವಾಗ ಅದನ್ನು ಸಾಗಿಸುವ ವ್ಯವಸ್ಥೆಯ ಒಂದು ಪ್ರೋಟೀನು ಲ್ಯಾಕ್ಟೋಸ್‌ನ ಬಾಗಿಲನ್ನೇ ಅಡ್ಡಗಟ್ಟುತ್ತದೆ. ಈ ಎರಡು ಮೆಟ್ಟಿಲಿನ ನಡುವಿನ ಬಿಡುವಿಗೆ ಮುಖ್ಯ ಕಾರಣ ಇದೇ.

ತೋರಿಸುವ ಕ್ರಮ: ಎಂ9 ಎಂಬ ಸರಳ ಲವಣ ದ್ರಾವಣಕ್ಕೆ ಲೀಟರಿಗೆ 0.5 ಗ್ರಾಂ ಗ್ಲೂಕೋಸ್, 2 ಗ್ರಾಂ ಲ್ಯಾಕ್ಟೋಸ್ ಹಾಕಿ. ರಾತ್ರಿಯಿಡೀ ಗ್ಲೂಕೋಸ್‌ನಲ್ಲಿ ಬೆಳೆದ ಕೋಶಗಳನ್ನು ಓಡಿ (ದ್ರವ ಎಷ್ಟು ಮಸುಕಾಗಿದೆ ಎಂಬ ಅಳತೆ) 0.05 ಆಗುವಷ್ಟು ಸೇರಿಸಿ. 37 ಡಿಗ್ರಿಯಲ್ಲಿ ಅಲುಗಾಡಿಸುತ್ತ ಪ್ರತಿ 15 ನಿಮಿಷಕ್ಕೆ 600 ನ್ಯಾನೋಮೀಟರ್‌ನಲ್ಲಿ ಓದಿ. ಅರ್ಧ ಗಂಟೆಗೊಮ್ಮೆ ಓದಿದರೆ ಬಿಡುವು ಕೈತಪ್ಪಬಹುದು. ಲ್ಯಾಕ್ಟೋಸನ್ನು ಆಟೋಕ್ಲೇವ್ ಮಾಡಬೇಡಿ. ಕಾವಿಗೆ ಸ್ವಲ್ಪ ಒಡೆದು ಗ್ಲೂಕೋಸ್ ಬಿಡುತ್ತದೆ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಮೆಗ್ನೀಸಿಯಂ ಸಲ್ಫೇಟ್ (2 ಮಿಲಿಮೋಲಾರ್), ಕ್ಯಾಲ್ಸಿಯಂ ಕ್ಲೋರೈಡ್ (0.1 ಮಿಲಿಮೋಲಾರ್) ಎರಡನ್ನೂ ಬೇರೆ ಬೇರೆ ಕಾಯಿಸಿ, ದ್ರಾವಣ ತಣಿದ ಮೇಲೆ ಸೇರಿಸಿ. ಒಟ್ಟಿಗೆ ಕಾಯಿಸಿದರೆ ಬಿಳಿ ಗಸಿ ಕೂರುತ್ತದೆ.

ಇಷ್ಟೆಲ್ಲ ಮಾಡಿಯೂ ಎರಡನೇ ಮೆಟ್ಟಿಲು ಬರಲೇ ಇಲ್ಲವೆಂದರೆ ಮೊದಲು ತಳಿ ಯಾವುದೆಂದು ನೋಡಿ. ಹಲವು ಪ್ರಯೋಗಾಲಯಗಳ ಫ್ರೀಜರಿನಲ್ಲಿ ಸಿಗುವುದು ಡಿಎಚ್5-ಆಲ್ಫಾ. ಅದರ ಲ್ಯಾಕ್ ಜೀನ್‌ಗಳನ್ನು ಬೇಕೆಂದೇ ಕತ್ತರಿಸಲಾಗಿದೆ, ಅದು ಲ್ಯಾಕ್ಟೋಸ್ ತಿನ್ನಲಾರದು. ಎಂಜಿ1655ರಂಥ ಮೂಲ ತಳಿ ಬೇಕು.

ಲ್ಯಾಕ್ಟೋಸ್ ಒಡೆಯುವ ಬೀಟಾ-ಗ್ಯಾಲಕ್ಟೋಸಿಡೇಸ್ ಕಿಣ್ವವನ್ನು ಅಳೆದಾಗ ಪ್ರತಿ ಬಾರಿ ಬೇರೆ ಅಂಕಿ ಬರುತ್ತದೆ. ಯಾಕೆ?

ನಮ್ಮ ಕರಾವಳಿಯಲ್ಲಿ ಬಹಳ ಸಲ ಇದಕ್ಕೆ ಕಾರಣ ಉಷ್ಣಾಂಶ. ಮಿಲ್ಲರ್ ವಿಧಾನದಲ್ಲಿ ಬರೆದಿರುವುದು 28 ಡಿಗ್ರಿ. ಏಪ್ರಿಲ್‌ನಲ್ಲಿ ಕಾರವಾರದ ಕೋಣೆಯೇ 30 ದಾಟಿರುತ್ತದೆ. ಸಾಮಾನ್ಯ ವಾಟರ್ ಬಾತ್ ಬಿಸಿ ಮಾಡುತ್ತದೆ, ತಂಪು ಮಾಡುವುದಿಲ್ಲ. 28 ಎಂದು ಗುಂಡಿ ತಿರುಗಿಸಿಟ್ಟರೂ ಒಳಗಿನ ನೀರು 32 ಇರುತ್ತದೆ. ಕಿಣ್ವ ವೇಗವಾಗುತ್ತದೆ, ಅಂಕಿ ಏರುತ್ತದೆ. ವರ್ಷವಿಡೀ 37 ಡಿಗ್ರಿಯಲ್ಲೇ ಮಾಡಿ, ವರದಿಯಲ್ಲಿ ಹಾಗೆಯೇ ಬರೆಯಿರಿ. ಹೋಲಿಕೆಗೆ ಅದೇ ಬೇಕು.

ಕ್ರಮ ಹೀಗೆ: ಓಡಿ 0.3ರಿಂದ 0.7ರ ನಡುವೆ ಕೋಶಗಳನ್ನು ಐಸ್ ಮೇಲಿಡಿ. 0.1 ಮಿಲಿ ಕೋಶಕ್ಕೆ 0.9 ಮಿಲಿ ಝಡ್ ಬಫರ್, ಎರಡು ಹನಿ ಕ್ಲೋರೋಫಾರ್ಮ್, ಒಂದು ಹನಿ ಶೇ. 0.1ರ ಎಸ್‌ಡಿಎಸ್ ಹಾಕಿ 10 ಸೆಕೆಂಡ್ ವರ್ಟೆಕ್ಸ್ ಮಾಡಿ, 5 ನಿಮಿಷ ಬಾತ್‌ನಲ್ಲಿಡಿ. 0.2 ಮಿಲಿ ಓಎನ್‌ಪಿಜಿ (ಕಿಣ್ವ ಒಡೆದಾಗ ಹಳದಿ ಬಣ್ಣ ಕೊಡುವ ವಸ್ತು, ಮಿಲಿಗೆ 4 ಮಿಲಿಗ್ರಾಂ) ಹಾಕಿದ ಕ್ಷಣದಿಂದ ಗಡಿಯಾರ ನೋಡಿ. ತಿಳಿಹಳದಿ ಬಂದಾಗ 0.5 ಮಿಲಿ ಒಂದು ಮೋಲಾರ್ ಸೋಡಿಯಂ ಕಾರ್ಬೊನೇಟ್ ಹಾಕಿ ನಿಲ್ಲಿಸಿ. 420 ಮತ್ತು 550ರಲ್ಲಿ ಓದಿ. 550ರ ಓದನ್ನು 1.75ರಿಂದ ಗುಣಿಸಿ 420ರ ಓದಿನಿಂದ ಕಳೆಯಿರಿ. ಬಂದದ್ದನ್ನು 1,000ದಿಂದ ಗುಣಿಸಿ, ನಿಮಿಷ, ಕೋಶದ ಮಿಲಿ, ಓಡಿ 600 ಮೂರರ ಗುಣಲಬ್ಧದಿಂದ ಭಾಗಿಸಿ. ಲ್ಯಾಕ್ ಜೀನ್‌ಗಳನ್ನು ಚಾಲೂ ಮಾಡುವ ಪ್ರಚೋದಕ ಐಪಿಟಿಜಿ (1 ಮಿಲಿಮೋಲಾರ್) ಕೊಟ್ಟ ಮೂಲ ತಳಿಯಲ್ಲಿ ಅಂಕಿ ಸಾವಿರದ ಆಸುಪಾಸು, ಕೊಡದ್ದರಲ್ಲಿ ಒಂದೆರಡು ಬರಬೇಕು. ಕ್ಲೋರೋಫಾರ್ಮ್ ಅಡಿಯಲ್ಲಿ ಕೂತಿರುತ್ತದೆ, ಪಿಪೆಟ್ ತುದಿ ಅಲ್ಲಿಗೆ ಮುಟ್ಟಿದರೆ ಓದು ಹಾಳು.

ಎರಡನೇ ಕಾರಣ ಕರೆಂಟು. ಮಳೆಗಾಲದಲ್ಲಿ ಕರೆಂಟು ಹೋಗಿ ಶೇಕರ್ ಅರ್ಧ ಗಂಟೆ ನಿಂತರೆ ಫ್ಲಾಸ್ಕಿನ ತಳದ ಕೋಶಗಳಿಗೆ ಆಮ್ಲಜನಕ ತೀರುತ್ತದೆ. ಎಫ್‌ಎನ್‌ಆರ್, ಆರ್ಕ್ ಎಂಬ ನಿಯಂತ್ರಕಗಳು ಕೋಶದ ಇಡೀ ದಿನಚರಿಯನ್ನೇ ಬದಲಿಸುತ್ತವೆ. ಶೇಕರ್ ಮತ್ತೆ ತಿರುಗಿತೆಂದು ಆ ಫ್ಲಾಸ್ಕನ್ನು ಮುಂದುವರಿಸಬೇಡಿ, ಹೊಸದಾಗಿ ಶುರುಮಾಡಿ.

ಒಂದೇ ಕೋಶದಿಂದ ಹುಟ್ಟಿ, ಒಂದೇ ಫ್ಲಾಸ್ಕಿನಲ್ಲಿರುವ ಕೋಶಗಳೂ ಬೇರೆ ಬೇರೆ ವರ್ತಿಸುವುದು ಹೇಗೆ?

ಹತ್ತು ರೆಪ್ರೆಸರ್ ಇರುವಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಆದರೂ ವ್ಯತ್ಯಾಸ ದೊಡ್ಡದು. ಈ ಆಕಸ್ಮಿಕದ ಮೇಲೆ, ತನ್ನನ್ನೇ ತಾನು ಹೆಚ್ಚಿಸಿಕೊಳ್ಳುವ ಸುತ್ತು ಸೇರಿದರೆ ಕೋಶಗಳು ಎರಡು ಗುಂಪಾಗಿ ಒಡೆಯುತ್ತವೆ. ಲ್ಯಾಕ್ಟೋಸ್‌ನ ಬಾಗಿಲಾದ ಪ್ರೋಟೀನು ಸ್ವತಃ ಲ್ಯಾಕ್ ಒಪೆರಾನಿನದೇ ಅಂಗ. ಒಂದು ಬಾಗಿಲು ಬಂದರೆ ಪ್ರಚೋದಕ ಒಳಬಂದು ಇನ್ನಷ್ಟು ಬಾಗಿಲು ಹುಟ್ಟುತ್ತವೆ. ನೋವಿಕ್ ಮತ್ತು ವೀನರ್ 1957ರಲ್ಲೇ ಇದನ್ನು ತೋರಿಸಿದರು: ಪ್ರಚೋದಕ ಸ್ವಲ್ಪವೇ ಇದ್ದಾಗ ಕೋಶಗಳೆಲ್ಲ ಅರೆಬರೆ ಕೆಲಸ ಮಾಡುವುದಿಲ್ಲ. ಕೆಲವು ಪೂರ್ತಿ ಚಾಲೂ ಆಗುತ್ತವೆ, ಉಳಿದವು ಪೂರ್ತಿ ಬಂದ್. ಆ ಸ್ಥಿತಿ ಮರಿಕೋಶಗಳಿಗೂ ಹಲವು ತಲೆಮಾರು ಹರಿದುಬರುತ್ತದೆ. ಡಿಎನ್‌ಎಯಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ.

ಮಣ್ಣಿನ ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲೂ ಹೀಗೇ. ಹಸಿವಿನ ಹೊತ್ತಿನಲ್ಲಿ ಶೇ. 10–20 ಕೋಶಗಳಲ್ಲಿ ಮಾತ್ರ ಕಾಮ್‌ಕೆ ಎಂಬ ಪ್ರೋಟೀನು ತನ್ನ ಜೀನನ್ನೇ ಚುರುಕುಗೊಳಿಸಿ ಏರುತ್ತದೆ. ಅವು ಹೊರಗಿನ ಡಿಎನ್‌ಎ ಎಳೆದುಕೊಳ್ಳಲು ಸಜ್ಜಾಗುತ್ತವೆ.

ಬೀಜಾಣು ಆಗಬೇಕೆಂದು ಬ್ಯಾಸಿಲಸ್ ಯಾವಾಗ ತೀರ್ಮಾನಿಸುತ್ತದೆ? ಮನಸ್ಸು ಬದಲಿಸಬಹುದೇ?

ಒಂದು ಹಂತದವರೆಗೆ ಬದಲಿಸಬಹುದು. ಬೀಜಾಣು ಅಂದರೆ ಕಷ್ಟಕಾಲ ಕಳೆಯಲು ಬ್ಯಾಸಿಲಸ್ ತಾಳುವ ಗಟ್ಟಿ, ಮಲಗಿದ ರೂಪ. ಆಹಾರ ತೀರಿದಾಗ ಕೈನೇಸ್ ಎಂಬ ಕಿಣ್ವಗಳು ಫಾಸ್ಫೇಟನ್ನು ಸ್ಪೋ0ಎಫ್ ಎಂಬ ಪ್ರೋಟೀನಿಗೆ ಕೊಡುತ್ತವೆ, ಅದು ಸ್ಪೋ0ಬಿಗೆ, ಅಲ್ಲಿಂದ ಸ್ಪೋ0ಎಗೆ ದಾಟುತ್ತದೆ. ಕೈಯಿಂದ ಕೈಗೆ ದಾಟುವ ಈ ದಾರಿಯಲ್ಲಿ ಸ್ಪೋ0ಎಫ್, ಸ್ಪೋ0ಎ ಎರಡರಿಂದಲೂ ಫಾಸ್ಫೇಟ್ ಕಿತ್ತುಕೊಳ್ಳುವ ಕಿಣ್ವಗಳು ಕಾದಿರುತ್ತವೆ, ಅಂದರೆ ಬೇಡವೆನ್ನಲು ಅವಕಾಶವಿದೆ. ಫಾಸ್ಫೇಟ್ ಹೊತ್ತ ಸ್ಪೋ0ಎ ಸ್ವಲ್ಪ ಏರಿದರೆ ಕೋಶ ಜಿಗುಟು ಪದರ ಕಟ್ಟುತ್ತದೆ, ವಿಷ ಸ್ರವಿಸಿ ನೆರೆಯ ಸೋದರ ಕೋಶಗಳನ್ನು ಕೊಂದು ತಿನ್ನುತ್ತದೆ, ಬೀಜಾಣುವನ್ನು ಮುಂದೂಡುತ್ತದೆ. ತುಂಬ ಏರಿದರೆ ಕೋಶದ ಒಂದು ತುದಿಯಲ್ಲಿ ಗೋಡೆ ಏಳುತ್ತದೆ. ಆ ಕ್ಷಣ ಸಣ್ಣ ಭಾಗದಲ್ಲಿ ಕ್ರೋಮೋಸೋಮಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಇರುತ್ತದೆ, ಉಳಿದದ್ದನ್ನು ಸ್ಪೋIIIಇ ಎಂಬ ಪಂಪು ಒಳಕ್ಕೆ ತಳ್ಳುತ್ತದೆ. ಸಣ್ಣ ಭಾಗದಲ್ಲಿ ಸಿಗ್ಮಾ-ಎಫ್, ದೊಡ್ಡದರಲ್ಲಿ ಸಿಗ್ಮಾ-ಇ ಎದ್ದ ಮೇಲೆ ಹಿಂದಿರುಗುವ ದಾರಿಯಿಲ್ಲ. ಪೌಷ್ಟಿಕ ಆಹಾರ ಸುರಿದರೂ ದೊಡ್ಡ ಭಾಗ ತಾಯಿಯಂತೆ ದುಡಿದು, ಕೊನೆಗೆ ಒಡೆದು, ಬೀಜಾಣುವನ್ನು ಹೊರಬಿಡುತ್ತದೆ. 37 ಡಿಗ್ರಿಯಲ್ಲಿ ಒಟ್ಟು ಏಳೆಂಟು ಗಂಟೆಯ ಕೆಲಸ.

ಬೀಜಾಣು ಎಣಿಸಲು: ಲೀಟರಿಗೆ 8 ಗ್ರಾಂ ನ್ಯೂಟ್ರಿಯೆಂಟ್ ಬ್ರಾತ್, 1 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 0.25 ಗ್ರಾಂ ಮೆಗ್ನೀಸಿಯಂ ಸಲ್ಫೇಟ್. ಆಟೋಕ್ಲೇವ್ ಆಗಿ ತಣಿದ ಮೇಲೆ ಕ್ಯಾಲ್ಸಿಯಂ ನೈಟ್ರೇಟ್ 1 ಮಿಲಿಮೋಲಾರ್, ಮ್ಯಾಂಗನೀಸ್ ಕ್ಲೋರೈಡ್ 10 ಮೈಕ್ರೋಮೋಲಾರ್, ಫೆರಸ್ ಸಲ್ಫೇಟ್ 1 ಮೈಕ್ರೋಮೋಲಾರ್. ಫ್ಲಾಸ್ಕಿನ ಹತ್ತನೇ ಒಂದು ಭಾಗವಷ್ಟೇ ತುಂಬಿ. 24 ಗಂಟೆಯ ನಂತರ ಅರ್ಧವನ್ನು 80 ಡಿಗ್ರಿಯಲ್ಲಿ 20 ನಿಮಿಷ ಇಟ್ಟು, ಎರಡನ್ನೂ ಪ್ಲೇಟ್ ಮಾಡಿ. ಕೊಳವೆಯನ್ನು ಮುಚ್ಚಳದವರೆಗೆ ನೀರಲ್ಲಿ ಮುಳುಗಿಸಿ. ಮುಚ್ಚಳದ ಒಳಗೆ ಅಂಟಿದ ಹನಿ ಬಿಸಿಯಾಗದಿದ್ದರೆ ಅಲ್ಲಿನ ಸಾಮಾನ್ಯ ಕೋಶಗಳೂ ಬದುಕಿ ಬೀಜಾಣುವೆಂದು ಎಣಿಕೆಯಾಗುತ್ತವೆ. ಬೀಜಾಣು ತೀರ ಕಡಿಮೆ ಬಂದರೆ ಮ್ಯಾಂಗನೀಸ್ ಮರೆತಿರಾ, ಗ್ಲೂಕೋಸ್ ಸೇರಿತೇ ಎಂದು ನೋಡಿ.

ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿದರೆ ಸಾಲದೇ?

ಸಾಲದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್‌ನ ಬೀಜಾಣು ಕುದಿಯಲ್ಲೂ ಉಳಿಯುತ್ತದೆ. ಅನ್ನ ಬೆಚ್ಚಗೆ ಕೂತಾಗ ಅದು ಮೊಳೆತು ಹೆಚ್ಚುತ್ತದೆ. ವಾಂತಿ ಬರಿಸುವ ಅದರ ವಿಷ ಒಮ್ಮೆ ತಯಾರಾದರೆ ಮತ್ತೆ ಕಾಯಿಸಿದರೂ ಕೆಡುವುದಿಲ್ಲ. ಉಳಿದದ್ದನ್ನು ಅಗಲ ತಟ್ಟೆಗೆ ಹರಡಿ ಬೇಗ ಆರಿಸಿ ಫ್ರಿಜ್‌ಗೆ ಇಡಿ. ಊಟದ ಮನೆಯ ದೊಡ್ಡ ಹಂಡೆಯಲ್ಲಿ ಮುಚ್ಚಿಟ್ಟ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ಅದೇ ಅಪಾಯದ ಜಾಗ.

ಮೊಸರಿನ ಹೆಪ್ಪಿನಲ್ಲೂ ಇದೇ ಲ್ಯಾಕ್ ಒಪೆರಾನ್ ಇದೆಯೇ?

ಇಲ್ಲ. ಲ್ಯಾಕ್ಟೋಕಾಕಸ್ ಲ್ಯಾಕ್ಟೋಸ್‌ಗೆ ಫಾಸ್ಫೇಟ್ ಅಂಟಿಸುತ್ತಲೇ ಒಳಕ್ಕೆ ಎಳೆಯುತ್ತದೆ. ಡೇರಿ ತಳಿಗಳಲ್ಲಿ ಆ ಜೀನ್‌ಗಳು ಸಾಮಾನ್ಯವಾಗಿ ಪ್ಲಾಸ್ಮಿಡ್ (ಕ್ರೋಮೋಸೋಮಿನ ಹೊರಗಿರುವ ಸಣ್ಣ ಡಿಎನ್‌ಎ ಉಂಗುರ) ಮೇಲಿರುತ್ತವೆ. ಗ್ಲೂಕೋಸ್ ಮಾಧ್ಯಮದಲ್ಲಿ ಮತ್ತೆ ಮತ್ತೆ ಬೆಳೆಸಿದರೆ ಪ್ಲಾಸ್ಮಿಡ್ ಕಳೆದುಹೋಗಿ, ಆ ತಳಿ ಹಾಲಿನಲ್ಲಿ ಸರಿಯಾಗಿ ಬೆಳೆಯುವುದೇ ಇಲ್ಲ. ತಳಿ ಕಾಪಾಡುವವರು ಹಾಲಿನಲ್ಲೇ ಕಾಪಾಡಬೇಕು.

ರಾತ್ರಿ ಕಾರವಾರದ ಕಡಲಲ್ಲಿ ಕಾಣುವ ನೀಲಿ ಬೆಳಕು, ಸಿಗಡಿ ಮರಿ ತೊಟ್ಟಿಯಲ್ಲಿ ಕಾಣುವ ಬೆಳಕು ಎರಡೂ ಒಂದೇ?

ಅಲ್ಲ. ಅಲೆ ಒಡೆದಾಗ, ಕಾಲು ಆಡಿಸಿದಾಗ ಮಿಂಚುವುದು ನಾಕ್ಟಿಲೂಕಾದಂಥ ಏಕಕೋಶ ಜೀವಿ. ನೀರಿನ ತಳ್ಳಾಟಕ್ಕೆ ಅದು ಕ್ಷಣಮಾತ್ರ ಬೆಳಗುತ್ತದೆ. ತೊಟ್ಟಿಯಲ್ಲಿ ಅಲುಗಾಡಿಸದಿದ್ದರೂ ಸತ್ತ ಮರಿಗಳ ಮೈ ಒಂದೇ ಸಮ ಬೆಳಗುತ್ತಿದ್ದರೆ ಅದು ವಿಬ್ರಿಯೊ ಹಾರ್ವೆಯಿ ಗುಂಪಿನ ಬ್ಯಾಕ್ಟೀರಿಯಾ.

ಈ ಬ್ಯಾಕ್ಟೀರಿಯಾ ಒಂಟಿಯಾಗಿದ್ದಾಗ ಬೆಳಗುವುದಿಲ್ಲ. ಪ್ರತಿ ಕೋಶವೂ ಸಣ್ಣ ಸಂಕೇತ ಅಣುಗಳನ್ನು ನೀರಿಗೆ ಬಿಡುತ್ತಿರುತ್ತದೆ. ಕೋಶಗಳು ಹೆಚ್ಚಿದಂತೆ ಅಣು ಮಡುಗಟ್ಟಿ, ಒಂದು ಮಟ್ಟ ದಾಟಿದಾಗ ಬೆಳಕಿನ ಜೀನ್‌ಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಸ್ಕ್ವಿಡ್ ಮೈಯಲ್ಲಿರುವ ವಿಬ್ರಿಯೊ ಫಿಶೆರಿಯಲ್ಲಿ 1970ರಲ್ಲಿ ಕಂಡ ಈ ನಡತೆಗೆ ಕೋರಮ್ ಸೆನ್ಸಿಂಗ್ ಎಂಬ ಹೆಸರು ಬಂದದ್ದು 1994ರಲ್ಲಿ. ಸಭೆಗೆ ಕೋರಂ ಆಗುವ ತನಕ ನಿರ್ಣಯವಿಲ್ಲ ಎಂಬ ಅರ್ಥದಲ್ಲೇ ಆ ಹೆಸರು.

ಹೊಂಡದವರಿಗೆ ಇದರ ಅರ್ಥ ಗಂಭೀರ. ಬೆಳಕು ಕಂಡಿಲ್ಲವೆಂದರೆ ವಿಬ್ರಿಯೊ ಇಲ್ಲವೆಂದಲ್ಲ, ಇನ್ನೂ ಮಟ್ಟ ತಲುಪಿಲ್ಲ ಎಂದೂ ಆಗಬಹುದು. ಹಾರ್ವೆಯಿ ಗುಂಪಿನಲ್ಲಿ ಅತಿಥೇಯ ಕೋಶಕ್ಕೆ ಪ್ರೋಟೀನು ಚುಚ್ಚುವ ಸೂಜಿ ವ್ಯವಸ್ಥೆ ಕೆಲಸ ಮಾಡುವುದು ಕೋಶಗಳು ಕಡಿಮೆ ಇರುವಾಗಲೇ. ಹಾಗಾಗಿ ಕತ್ತಲಲ್ಲಿ ಕಣ್ಣಿಟ್ಟು ನೋಡುವುದರ ಜೊತೆಗೆ ಟಿಸಿಬಿಎಸ್ (ವಿಬ್ರಿಯೊ ಬೆಳೆಸುವ ಮಾಧ್ಯಮ) ಪ್ಲೇಟಿನ ಎಣಿಕೆಯೂ ಇರಲಿ. ಬೆಳಕು ನೋಡುವ ಪ್ಲೇಟನ್ನು ಸಮುದ್ರದ ನೀರಿನಲ್ಲಿ ಅಥವಾ ಶೇ. 2 ಉಪ್ಪಿನಲ್ಲಿ ಮಾಡಿ, ಪೂರ್ತಿ ಕತ್ತಲ ಕೋಣೆಯಲ್ಲಿ ಹತ್ತು ನಿಮಿಷ ಕಣ್ಣು ಹೊಂದಿಸಿಕೊಂಡು ನೋಡಿ. ಬೆಳಕಿಗೆ ಆಮ್ಲಜನಕ ಬೇಕು. ಮುಚ್ಚಿಟ್ಟ ಬಾಟಲಿ ಬೆಳಗದಿದ್ದರೆ ಒಮ್ಮೆ ಕುಲುಕಿ ನೋಡಿ.

ಅಘನಾಶಿನಿ, ಕಾಳಿ ಅಳಿವೆಯ ನೀರಿನ ಮಾದರಿಯಲ್ಲಿ ವಿಬ್ರಿಯೊ ಎಣಿಕೆ ತೀರ ಕಡಿಮೆ ಬರುತ್ತದೆ. ಎಲ್ಲಿ ತಪ್ಪಿತು?

ಎರಡು ಕಡೆ ನೋಡಿ. ಮೊದಲನೆಯದು ಮಾದರಿಯನ್ನು ತೆಳುಮಾಡಲು ಬೆರೆಸುವ ನೀರು. ಮಳೆಗಾಲದಲ್ಲಿ ಅಳಿವೆ ಬಹುಪಾಲು ಸಿಹಿ, ಬೇಸಿಗೆಯಲ್ಲಿ ಕಡಲಿನಷ್ಟೇ ಉಪ್ಪು. ಉಪ್ಪು ಏರಿದಾಗ ಕೋಶ ಮೊದಲು ಪೊಟ್ಯಾಸಿಯಂ ಎಳೆದುಕೊಳ್ಳುತ್ತದೆ, ಆಮೇಲೆ ಗ್ಲೈಸೀನ್ ಬೀಟೇನ್‌ನಂಥ ಅಣುಗಳನ್ನು ತುಂಬುವ ಜೀನ್‌ಗಳನ್ನು ಚಾಲೂ ಮಾಡಿಕೊಳ್ಳುತ್ತದೆ. ಹೀಗೆ ಬಿಗಿದುಕೊಂಡ ಕೋಶವನ್ನು ತಟ್ಟನೆ ಡಿಸ್ಟಿಲ್ಡ್ ನೀರಿಗೆ ಹಾಕಿದರೆ ನೀರು ಒಳನುಗ್ಗುತ್ತದೆ. ಜೀನ್ ಬದಲಿಸಿಕೊಳ್ಳಲು ನಿಮಿಷಗಳು ಬೇಕು, ಕೋಶ ಒಡೆಯಲು ಅಷ್ಟು ಹೊತ್ತು ಬೇಡ. ಒತ್ತಡ ಇಳಿಸುವ ತುರ್ತು ರಂಧ್ರಗಳಿದ್ದರೂ ಕಡಲ ತಳಿಗಳಲ್ಲಿ ಬಹಳಷ್ಟು ಸಾಯುತ್ತವೆ. ಬೇಸಿಗೆಯ ಮಾದರಿಯನ್ನು ಶೇ. 3 ಉಪ್ಪುನೀರಿನಲ್ಲೇ ಬೆರೆಸಿ.

ಎರಡನೆಯದು ಐಸ್. ಕುಮಟಾದಲ್ಲಿ ಹಿಡಿದ ಬಳಚನ್ನು ನೇರ ಮಂಜುಗಡ್ಡೆಯಲ್ಲಿ ಹೂತು ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ಒಯ್ದರೆ ವಿಬ್ರಿಯೊಗಳು ಚಳಿಗೆ ಸಾಯಬಹುದು, ಇಲ್ಲವೇ ಬದುಕಿದ್ದೂ ಪ್ಲೇಟಿನಲ್ಲಿ ಬೆಳೆಯದ ಸ್ಥಿತಿಗೆ ಜಾರಬಹುದು. ಐಸ್ ಪೊಟ್ಟಣ ಮತ್ತು ಮಾದರಿಯ ನಡುವೆ ದಪ್ಪ ಕಾಗದವಿಟ್ಟು 7–10 ಡಿಗ್ರಿಯಲ್ಲಿ ಒಯ್ಯಿರಿ.

ಏಡಿ, ಸಿಗಡಿ ಸಿಪ್ಪೆಗೂ ಕಾಲರಾ ಬ್ಯಾಕ್ಟೀರಿಯಾಕ್ಕೂ ಏನು ಸಂಬಂಧ?

ಸಿಪ್ಪೆಯಲ್ಲಿರುವ ಕೈಟಿನ್ ವಿಬ್ರಿಯೊ ಕಾಲರಿಗೆ ಆಹಾರವೂ ಹೌದು, ಸೂಚನೆಯೂ ಹೌದು. ಅದರ ಮೇಲೆ ಗುಂಪು ಕಟ್ಟಿದಾಗ ಟಿಎಫ್‌ಓಎಕ್ಸ್ ಎಂಬ ನಿಯಂತ್ರಕ ಎದ್ದು, ಬ್ಯಾಕ್ಟೀರಿಯಾ ಹೊರಗಿನ ಡಿಎನ್‌ಎ ಎಳೆದುಕೊಳ್ಳಲು ಶುರುಮಾಡುತ್ತದೆ, ಪಕ್ಕದ ಕೋಶವನ್ನು ಚುಚ್ಚಿ ಕೊಂದು ಅದರ ಡಿಎನ್‌ಎಯನ್ನೂ ಪಡೆಯುತ್ತದೆ. ಹೊಸ ಗುಣಗಳು ತಳಿಯಿಂದ ತಳಿಗೆ ಹರಡುವ ಒಂದು ದಾರಿ ಇದು. ಸಿಪ್ಪೆಯನ್ನು ನೀರಿನ ಅಂಚಿಗೆ ಸುರಿಯುವ ಬದಲು ಒಣಗಿಸಿ ಗೊಬ್ಬರಕ್ಕೆ ಹಾಕುವುದು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ.

ತೋಟಕ್ಕೆಂದು ಬೆಳೆಸಿದ ಟ್ರೈಕೋಡರ್ಮಾ ಬೆಳ್ಳಗೇ ಉಳಿಯಿತು. ರೋಗ ತಡೆಯುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಹಾಕಿದರೂ ಫಲವಿಲ್ಲ. ತಳಿ ಕೆಟ್ಟಿತೇ?

ಟ್ರೈಕೋಡರ್ಮಾ ಬೆಳ್ಳಗಿದ್ದರೆ ಬಹುಶಃ ಕೆಟ್ಟಿಲ್ಲ, ಬೆಳಕು ಕಂಡಿಲ್ಲ. ಕತ್ತಲಲ್ಲಿ ಅದು ಎಳೆಯಾಗಿ ಹಬ್ಬುತ್ತಲೇ ಇರುತ್ತದೆ. ನೀಲಿ ಬೆಳಕನ್ನು ಗ್ರಹಿಸುವ ಪ್ರೋಟೀನುಗಳು ಎಚ್ಚೆತ್ತ ಮೇಲೆ ಹಸಿರು ಬೀಜಕ ಕಟ್ಟುವ ಜೀನ್‌ಗಳು ಶುರುವಾಗುತ್ತವೆ. ಪರೀಕ್ಷಿಸಲು ಪಿಡಿಎ (ಆಲೂಗಡ್ಡೆ ಅಗಾರ್) ಪ್ಲೇಟನ್ನು ಕಪ್ಪು ಕಾಗದದಲ್ಲಿ ಸುತ್ತಿ ಎರಡು ದಿನ ಬೆಳೆಸಿ, ಐದು ನಿಮಿಷ ಬೆಳಕಿಗೆ ಹಿಡಿದು ಮತ್ತೆ ಸುತ್ತಿಡಿ. ಒಂದೆರಡು ದಿನದಲ್ಲಿ, ಬೆಳಕು ಬಿದ್ದ ಹೊತ್ತಿಗೆ ಅಂಚು ಎಲ್ಲಿತ್ತೋ ಅಲ್ಲೇ ಹಸಿರು ಬಳೆ ಮೂಡುತ್ತದೆ. ಧಾನ್ಯದ ಚೀಲಗಳನ್ನು ಕತ್ತಲೆಯ ಉಗ್ರಾಣದಲ್ಲಿ ಪೇರಿಸಬೇಡಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ ಬಿಡಿಬಿಡಿಯಾಗಿಡಿ.

ಸ್ಯೂಡೊಮೊನಾಸ್ ವಿಷಯ ಬೇರೆ, ಅಲ್ಲಿ ತಳಿ ನಿಜವಾಗಿ ಕೆಟ್ಟಿರಬಹುದು. ರೋಗಾಣು ಕೊಲ್ಲುವ ಅದರ ರಾಸಾಯನಿಕಗಳನ್ನೆಲ್ಲ ಗ್ಯಾಕ್‌ಎಸ್, ಗ್ಯಾಕ್‌ಎ ಎಂಬ ಜೋಡಿ ಆಳುತ್ತದೆ. ಪೌಷ್ಟಿಕ ದ್ರವದಲ್ಲಿ ಆ ರಾಸಾಯನಿಕ ದಂಡದ ಖರ್ಚು. ಜೋಡಿ ಕೆಟ್ಟ ರೂಪಾಂತರಿಗಳು ಖರ್ಚು ಉಳಿಸಿಕೊಂಡು ವೇಗವಾಗಿ ಬೆಳೆದು ಬ್ಯಾರೆಲ್ ತುಂಬುತ್ತವೆ. ಎಣಿಕೆ ಮಾಡಿದರೆ ಕೋಶ ಬೇಕಾದಷ್ಟು, ಕೆಲಸ ಮಾತ್ರ ಸೊನ್ನೆ. ಹಾಲುಪುಡಿ ಹಾಕಿದ ಅಗಾರ್ ಮೇಲೆ ಚುಕ್ಕೆ ಇಟ್ಟು ನೋಡಿ. ಸರಿಯಿರುವ ತಳಿಯ ಸುತ್ತ ತಿಳಿ ವೃತ್ತ ಬರುತ್ತದೆ, ಗ್ಯಾಕ್ ಕೆಟ್ಟದ್ದಕ್ಕೆ ಬರುವುದಿಲ್ಲ. ಬ್ಯಾರೆಲಿನಿಂದ ಬ್ಯಾರೆಲಿಗೆ ಹೆಪ್ಪು ಹಾಕುವ ಪದ್ಧತಿ ಬಿಡಿ. ಪ್ರತಿ ಬಾರಿ ಗ್ಲಿಸರಾಲ್‌ನಲ್ಲಿ ಹೆಪ್ಪುಗಟ್ಟಿಸಿಟ್ಟ ಮೂಲದಿಂದಲೇ ಶುರುಮಾಡಿ.

ಇದೇ ಜಾತಿಯ ಇನ್ನೊಂದು ಮಾತು: ಅಝೋಟೋಬ್ಯಾಕ್ಟರ್ ಹಾಕಿದ ಜಾಗಕ್ಕೇ ಯೂರಿಯಾ ಸುರಿಯಬೇಡಿ. ಅಮೋನಿಯಾ ಸಿಕ್ಕಿತೆಂದರೆ ಗಾಳಿಯ ಸಾರಜನಕ ಹಿಡಿಯುವ ಜೀನ್‌ಗಳನ್ನು ಅದು ಬಂದ್ ಮಾಡುತ್ತದೆ.

ಆಂಟಿಬಯಾಟಿಕ್ ಹಾಕಿದರೂ ಕೆಲವು ಕೋಶ ಉಳಿದವು. ಇದು ಜೀನ್ ನಿಯಂತ್ರಣವೋ, ಮ್ಯುಟೇಶನ್ನೋ (ಡಿಎನ್‌ಎ ಅಕ್ಷರವೇ ಬದಲಾದದ್ದೋ)? ಹೇಗೆ ತಿಳಿಯುವುದು?

ಉಳಿದವನ್ನು ತೊಳೆದು, ಔಷಧವಿಲ್ಲದ ಪ್ಲೇಟಿನಲ್ಲಿ ಬಿಡಿ ವಸಾಹತುಗಳಾಗಿ ಬೆಳೆಸಿ. ಹತ್ತಾರು ವಸಾಹತುಗಳನ್ನು ಹೊಸ ದ್ರವದಲ್ಲಿ ಮೊದಲಿನಷ್ಟೇ ಓಡಿಗೆ ತಂದು, ಅದೇ ಪ್ರಮಾಣದ ಔಷಧ ಮತ್ತೆ ಕೊಡಿ, ಗಂಟೆಗೊಮ್ಮೆ ಎಣಿಸಿ. ಮೊದಲಿನ ಹಾಗೆಯೇ ಬಹುಪಾಲು ಸತ್ತು ಅಷ್ಟೇ ಸಣ್ಣ ಪಾಲು ಉಳಿದರೆ ಅವು ಪರ್ಸಿಸ್ಟರ್ ಕೋಶಗಳು: ಬೆಳವಣಿಗೆ ನಿಲ್ಲಿಸಿ ಮಲಗಿದ್ದರಿಂದ ಬದುಕಿದವು, ಜೀನ್ ಬದಲಾಗಿಲ್ಲ. ಜೋಸೆಫ್ ಬಿಗ್ಗರ್ 1944ರಲ್ಲಿ ಪೆನ್ಸಿಲಿನ್‌ನಿಂದ ಪಾರಾದ ಸ್ಟ್ಯಾಫಿಲೋಕಾಕಸ್ ಕೋಶಗಳಿಗೆ ಈ ಹೆಸರಿಟ್ಟರು. ಇಡೀ ಸಮೂಹವೇ ಔಷಧದಲ್ಲಿ ಬೆಳೆಯತೊಡಗಿದರೆ, ತಡೆಯಲು ಬೇಕಾದ ಕನಿಷ್ಠ ಪ್ರಮಾಣ ಏರಿದ್ದರೆ, ಅದು ಮ್ಯುಟೇಶನ್ ಅಥವಾ ಹೊರಗಿನಿಂದ ಬಂದ ಜೀನ್. ಎರಡು ಸುತ್ತಿಗೂ ಕೋಶಗಳ ವಯಸ್ಸು ಒಂದೇ ಇರಲಿ. ರಾತ್ರಿ ಕೂತ ಹಳೆಯ ದ್ರವದಲ್ಲಿ ಮಲಗಿದ ಕೋಶಗಳು ಸಹಜವಾಗಿಯೇ ಹೆಚ್ಚು, ಅದನ್ನು ಎಳೆಯ ಕೋಶಗಳ ಜೊತೆ ಹೋಲಿಸಿದರೆ ಇಲ್ಲದ ಮ್ಯುಟೇಶನ್ ಕಂಡಂತಾಗುತ್ತದೆ.